ಹತ್ತೂ ಐದು

ಹಿರಿಯ ಸರ್ಜನ್ ಸ್ಟ್ರೆಚರಿನ ಹಿಂದಿನ ಮೂಲೆಗೆ ಕೈ ಹಾಕಿದ್ದೇ ತಡ, ತೀರಿಕೊಂಡ ಆಪರೇಷನ್ ಥಿಯೇಟರ್ ಸಿಸ್ಟರ್ ಅವರ ಮಗಳು ಅಡ್ಡ ಬಂದಳು.

"ನೀವು ಬೇಡ ಡಾಕ್ಟ್ರೇ."

ಓಣಿಯೊಳಗೆ ವ್ಯಾನು ಬಾರದ್ದರಿಂದ ದೇಹವನ್ನು ಹೊತ್ತೇ ಒಯ್ಯಬೇಕಿತ್ತು. ಉಳಿದ ಮೂರು ಮೂಲೆಗಳನ್ನು ಥಿಯೇಟರಿನ ನರ್ಸುಗಳು ಹಿಡಿದಿದ್ದರು. ಅರಿವಳಿಕೆ ಡಾಕ್ಟರು ತಮ್ಮ ಬೂಟನ್ನೇ ಪರೀಕ್ಷಿಸತೊಡಗಿದರು.

"ಬಿಡಮ್ಮಾ," ಎಂದರು ಸಿಸ್ಟರ್ ಗಂಡ, ನಿವೃತ್ತ ಬಸ್ ಡ್ರೈವರ್. "ನಿಮ್ಮಮ್ಮ ನನಗಿಂತ ಇವರ ಜೊತೇಲೇ ಜಾಸ್ತಿ ಜಗಳ ಆಡಿದ್ದು. ಅದೂ ಒಂದು ಸಂಬಂಧ ತಾನೆ?"

"ಇರ್ಲಿ ಅಪ್ಪ. ಅಮ್ಮ ಸುಳ್ಳು ಬರೆದಳು ಅಂದಿದ್ದು ಇವರೇ. ಇವರೇ ಅದನ್ನ ತಿದ್ದಲಿ. ಇಲ್ದಿದ್ರೆ ನಾನೇ ಹೊರ್ತೀನಿ."

*

ವರ್ಷಗಳ ಹಿಂದಿನ ಮಾತು. ಸೋಂಕು ತಡೆಯುವ ನಿಯಮಗಳ ಹಾಳೆ ಆಗಷ್ಟೇ ಥಿಯೇಟರಿನ ಗೋಡೆ ಏರಿತ್ತು. ಎಲ್ಲರೂ ಓದಿದರು, ಸಿಸ್ಟರ್ ಒಬ್ಬರೇ ನಂಬಿದರು. ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ಸೋಂಕು ತಡೆಯುವ ಇಂಜೆಕ್ಷನ್ ಕೊಟ್ಟಿರಬೇಕು. ಒಂದು ದಿನ ರೋಗಿಗೆ ಬೆಳಿಗ್ಗೆ ಎಂಟಕ್ಕೇ ಕೊಟ್ಟಾಗಿತ್ತು. ಸರ್ಜನ್ ಬಂದಾಗ ಹತ್ತು ದಾಟಿತ್ತು. ಅವರು ಕೈ ಚಾಚಿದರೆ ಸಿಸ್ಟರ್ ಚಾಕು ಕೊಡಲಿಲ್ಲ.

"ಇನ್ನೊಂದು ಡೋಸ್ ಹೋಗ್ಲಿ ಡಾಕ್ಟ್ರೇ. ಆಮೇಲೆ ನಿಮ್ಮ ಚಾಕು."

ಡೋಸೂ ಹೋಯಿತು, ರೋಗಿಯೂ ಗುಣವಾಗಿ ಮನೆಗೆ ಹೋದ. ಆದರೆ ಸಿಸ್ಟರ್ ಸರ್ಜನ್ ಬಂದ ಸಮಯವನ್ನೂ ಬರೆದಿಟ್ಟಿದ್ದರು. ಮೇಲಿನವರು ಕೇಳಿದಾಗ ಸರ್ಜನ್, ತಾನು ಎಂಟಕ್ಕೇ ಬಂದಿದ್ದೆ, ಸಿಸ್ಟರ್ ಬರೆದದ್ದು ಸುಳ್ಳು ಎಂದರು. ಥಿಯೇಟರಿನಲ್ಲಿದ್ದ ಯಾರೂ ಬಾಯಿ ಬಿಡಲಿಲ್ಲ. ಸಿಸ್ಟರ್ ಒಂದು ವರ್ಷ ಆಸ್ಪತ್ರೆಯ ಲಾಂಡ್ರಿ ನೋಡಿಕೊಂಡರು. ಅಲ್ಲೂ ಸುಮ್ಮನಿರದೆ, ಯಾವ ಗಂಟು ಎಷ್ಟು ಹೊತ್ತು ಕುದಿಯಿತೆಂದು ಬರೆದು ಬಟ್ಟೆ ಒಗೆಯುವವರ ಪ್ರಾಣ ತಿಂದರು. ಕೊನೆಗೆ ಸರ್ಜನ್ನೇ ಹೋಗಿ ವಾಪಸ್ ಕರೆತಂದರು, ಅವರಿಲ್ಲದೆ ಥಿಯೇಟರ್ ಥಿಯೇಟರಿನಂತಿಲ್ಲ ಎಂದು. 'ಸುಳ್ಳು ದಾಖಲೆ' ಎಂಬ ಮಾತು ಮಾತ್ರ ಫೈಲಿನಲ್ಲಿ ಹಾಗೇ ಉಳಿಯಿತು.

*

ಸರ್ಜನ್ ಸ್ಟ್ರೆಚರಿನಿಂದ ಕೈ ತೆಗೆದರು.

"ಅವತ್ತು ನಾನು ಬಂದಿದ್ದು ಹತ್ತಕ್ಕೆ."

"ಹತ್ತೂ ಐದು," ಎಂದರು ಅರಿವಳಿಕೆ ಡಾಕ್ಟರು, ಬೂಟಿನಿಂದ ತಲೆ ಎತ್ತದೆ.

"ಹತ್ತೂ ಐದು. ಸಿಸ್ಟರ್ ಬರೆದಿದ್ದು ಸರಿ. ಸುಳ್ಳು ಹೇಳಿದ್ದು ನಾನು. ಬರೆದೂ ಕೊಡ್ತೀನಿ."

ಮಗಳು ತಂದೆಯ ಮುಖ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದಳು.

ಸ್ಟ್ರೆಚರ್ ಹೆಗಲೇರಿತು. ಮೂವರು ನರ್ಸುಗಳೂ ಸರ್ಜನ್ನರ ಎದೆಮಟ್ಟ; ಸರ್ಜನ್ ಹೊತ್ತ ಮೂಲೆಯೊಂದೇ ಮೇಲೆದ್ದು, ಸಿಸ್ಟರ್ ಒಂದು ಬದಿಗೆ ವಾಲಿದರು. ಸರ್ಜನ್ ಮೊಣಕಾಲು ಮಡಿಸಿದರು. ಹೆಗಲನ್ನು ನರ್ಸುಗಳ ಮಟ್ಟಕ್ಕೆ ಇಳಿಸಿಕೊಂಡು, ಓಣಿಯ ಉದ್ದಕ್ಕೂ ಹಾಗೇ, ಅರ್ಧ ಕೂತವರಂತೆ ನಡೆದರು.