ಗೇಟಿಗೆ ಅಡ್ಡ ಇಟ್ಟ ಮೂಟೆ

"ಬಾಯಿ ಕಟ್ಟೇ ಮೊದ್ಲು, ಆಮೇಲೆ ಎತ್ತು. ನಿಮ್ಮಪ್ಪನ ಮನೆ ಮರಳಾ ಅದು, ದಾರೀಲೆಲ್ಲ ಚೆಲ್ಕೊಂಡು ಹೋಗಕ್ಕೆ?"

ಸೂಪರ್‌ವೈಸರ್ ಮರುಳಸಿದ್ದಪ್ಪ ಗೇಟಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತೇ ಬೈಯುತ್ತಿದ್ದ. ಇಂದ್ರಾಣಿ ಸಿಮೆಂಟ್ ಚೀಲದ ಬಾಯಿ ಬಿಗಿದು, ಮೂಟೆಯನ್ನು ಸೊಂಟಕ್ಕೆ ಆನಿಸಿಕೊಂಡು ನಡೆದಳು. ಆ ಅಪಾರ್ಟ್‌ಮೆಂಟಿನ ಮೆಟ್ಟಿಲು ಗುಡಿಸಿ ಒರೆಸುವುದು ಅವಳ ಕೆಲಸ. ಈವತ್ತು ಗುಡಿಸುವ ಹೆಂಗಸರನ್ನೆಲ್ಲ ಮರಳು ತುಂಬಲು ಹಚ್ಚಿದ್ದರು. ಮೇ ತಿಂಗಳ ಕೊನೆ. ಇಟ್ಟಮಡು ಬಡಾವಣೆಯಲ್ಲಿ ಎಲೆ ಅಲುಗದಷ್ಟು ಗಾಳಿ ಸತ್ತುಹೋಗಿತ್ತು. ಮೈಮೇಲಿನ ಬೆವರಿಗೆ ಮರಳು ಮೆತ್ತಿಕೊಂಡು ಉಜ್ಜಿದಲ್ಲೆಲ್ಲ ಉರಿಯುತ್ತಿತ್ತು.

ಅಸೋಸಿಯೇಷನ್ ಸೆಕ್ರೆಟರಿ ಚಕ್ರಪಾಣಿ ಫೋನು ಹಿಡಿದು ಕೆಳಗೆ ಬಂದರು. ಬ್ಯಾಂಕಿನಿಂದ ನಿವೃತ್ತರಾದವರು, ಯಾರೊಂದಿಗೂ ಏರುದನಿಯಲ್ಲಿ ಮಾತಾಡಿದವರಲ್ಲ. ಚೆನ್ನೈ ಕಡೆ ಸಮುದ್ರ ಬಿಸಿಲಿಗೆ ಕಾದು ಚಂಡಮಾರುತ ಎದ್ದಿದೆ, ಅಲ್ಲಿನ ಕರಾವಳಿಗೆಲ್ಲ ರೆಡ್ ಅಲರ್ಟ್ ಕೊಟ್ಟಿದ್ದಾರೆ, ಅದರ ಬಾಲ ಸಂಜೆಯೊಳಗೆ ನಮ್ಮ ಮೇಲೂ ಬೀಸುತ್ತದೆ ಎಂದು ಮರುಳಸಿದ್ದಪ್ಪನಿಗೆ ತೋರಿಸಿದರು. ಫೋನಿನಲ್ಲಿ ಕೆಂಪು ಬಣ್ಣವೊಂದು ಸುರುಳಿ ಸುತ್ತುತ್ತಿತ್ತು. ಇಂದ್ರಾಣಿಯೂ ಬಗ್ಗಿ ನೋಡಿದಳು. ಅವಳು ಸಮುದ್ರ ಕಂಡವಳಲ್ಲ. ಅವಳು ಕಂಡ ದೊಡ್ಡ ನೀರೆಂದರೆ ಕಳೆದ ವರ್ಷ ಅವಳ ಮನೆಯೊಳಗೆ ಬಂದ ನೀರು.

ಮೇಲಿನ ರಸ್ತೆಯಿಂದ ಇಳಿದು ಬರುವ ನೀರಿಗೆ ಇಲ್ಲಿ ಎರಡೇ ದಾರಿ. ಗೇಟಿನಿಂದ ಬೇಸ್‌ಮೆಂಟಿಗೆ, ಇಲ್ಲವೇ ಕಾಂಪೌಂಡಿನ ಪಕ್ಕದ ಗಲ್ಲಿಗೆ. ಗಲ್ಲಿಯ ಕೊನೆಗೆ ರಾಜಕಾಲುವೆ, ಕಾಲುವೆಗೆ ಒರಗಿಕೊಂಡು ಶೀಟಿನ ಮನೆಗಳು. ಗುಡಿಸುವವರು, ಕಾರು ತೊಳೆಯುವವರು ಇರುವುದು ಅಲ್ಲೇ. ಕಳೆದ ವರ್ಷ ನೀರು ಎರಡೂ ಕಡೆ ಹಂಚಿಕೊಂಡು ಹೋಗಿತ್ತು. ಇವರ ಕಾರು ಮುಳುಗಿದವು, ಅವರ ಮಂಚದ ಕಾಲು ಮುಳುಗಿದವು. ಈ ಸಲ ಗೇಟಿಗೆ ಅಡ್ಡ ಎದೆಮಟ್ಟ ಮೂಟೆ ಬಿದ್ದರೆ ನೀರೆಲ್ಲ ಒಂದೇ ಕಡೆ. ಇದು ಚಕ್ರಪಾಣಿಯವರಿಗೂ ಗೊತ್ತಿತ್ತು, ಮೂಟೆ ಹೊರುವವರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ.

ಇಂದ್ರಾಣಿ ಬಾಯಿ ಬಿಡದಿದ್ದಕ್ಕೆ ಅವಳದೇ ಕಾರಣವಿತ್ತು. ಗೋಡೆ ಮುಗಿದ ತಕ್ಷಣ ಬಿಟ್ಟುಬಿಡುತ್ತೇನೆ ಎಂದಿದ್ದ ಮರುಳಸಿದ್ದಪ್ಪ. ಮನೆಯಲ್ಲಿ ಅತ್ತೆ ಲಕ್ಷ್ಮಮ್ಮ ಸೊಂಟ ಮುರಿದುಕೊಂಡು ಸಂಕ್ರಾಂತಿಯಿಂದ ಮಲಗಿದ್ದಳು. ಊಟ, ಉಚ್ಚೆ ಎಲ್ಲ ಮಲಗಿದಲ್ಲೇ. ಮಗ ಸತ್ತ ಮೇಲೆ ಅವಳಿಗೆ ಸೊಸೆ, ಸೊಸೆಗೆ ಅವಳು. ಮಳೆ ಬೀಳುವ ಮೊದಲು ಮುದುಕಿಯನ್ನು ಎತ್ತಿ ಎಲ್ಲಾದರೂ ಸೇರಿಸಬೇಕು. ಅದಕ್ಕೇ ಇಂದ್ರಾಣಿ ಮೈ ಮುರಿದು ದುಡಿದಳು. ಸಂದಿಗೆ ಸಂದಿ ಕೂಡದಂತೆ ಮೂಟೆ ಕೂರಿಸಿದಳು, ಮೇಲೆ ಹತ್ತಿ ತುಳಿದು ಚಪ್ಪಟೆ ಮಾಡಿದಳು. ಹೊಸಬರಿಗೂ ಹೇಳಿಕೊಟ್ಟಳು. ಊಟದ ಹೊತ್ತಿಗೆ ಒಂದು ಹನಿ ನುಸುಳದಂಥ ಗೋಡೆ ಎದ್ದು ನಿಂತಿತು.

ಕೈ ತೊಳೆಯಲು ಹೊರಟವಳಿಗೆ ಮರುಳಸಿದ್ದಪ್ಪ ಟೆರೇಸಿನ ಹೂಕುಂಡಗಳನ್ನೆಲ್ಲ ಇಳಿಸಲು ಹೇಳಿದ.

"ಅಣ್ಣ, ಮುಗುದ್ರೆ ಬುಡ್ತೀನಿ ಅಂದಿದ್ರಿ. ಅತ್ತೇನ ಎತ್ಬೇಕು."

"ನಿಮ್ಮತ್ತೆ ಎತ್ತಕ್ಕೆ ನಿಂಗೆ ಸಂಬಳ ಕೊಡ್ತಾರೇನೇ ಲೌಡಿ? ಕುಂಡ ಇಳ್ಸು. ಹೋಗೋದಾದ್ರೆ ಹೋಗು, ನಾಳೆ ಬರ್ಬೇಡ."

ಅವಳು ಸೀದಾ ಚಕ್ರಪಾಣಿಯವರ ಹತ್ತಿರ ಹೋದಳು. ಅಪಾರ್ಟ್‌ಮೆಂಟಿನ ಪಾರ್ಟಿ ಹಾಲ್‌ನ ಮೂಲೆಯಲ್ಲಿ ಒಂದು ದಿನ ಮುದುಕಿಯನ್ನು ಮಲಗಿಸಿಕೊಳ್ಳಲೇ ಎಂದು ಕೇಳಿದಳು. ಅವರು ಕೋಪ ಮಾಡಿಕೊಳ್ಳಲಿಲ್ಲ. ನಾಳೆ ಮೊಮ್ಮಗನ ಮುಂಜಿ ಅಲ್ಲಿ, ಅಡುಗೆಯವರು ಆಗಲೇ ಮಡಿಯಲ್ಲಿದ್ದಾರೆ ಎಂದರು.

"ಆಕೆ ಎಲ್ಲ ಮಲಗಿದಲ್ಲೇ ಮಾಡ್ಕೊಳ್ತಾರೆ ಅಂತೀಯ. ನೀನೇ ಹೇಳಮ್ಮ, ಹೇಗಾಗತ್ತೆ? ಒಂದಿನ ಅಡ್ಜಸ್ಟ್ ಮಾಡ್ಕೊಂಡ್ಬಿಡಿ."

ಅವರ ಹೆಂಡತಿ ಒಳಗಿನಿಂದ ಹಳೇ ಬೆಡ್‌ಶೀಟ್ ಒಂದನ್ನು ತಂದು, ಕೈ ತಾಗದಂತೆ ಮೇಲಿನಿಂದ ಬಿಟ್ಟರು. ಇಂದ್ರಾಣಿ ಅದನ್ನು ಹಿಡಿದುಕೊಳ್ಳಲಿಲ್ಲ. ಅದು ಕೆಳಗೆ ಬಿತ್ತು. ಅವಳು ಕುಂಡ ಇಳಿಸಲು ಹೋದಳು.

ನಾಲ್ಕು ಗಂಟೆಗೆ ಬೆಳಕು ಆರಿತು. ಮೊದಲ ಹನಿಗಳು ಟೆರೇಸಿನ ಮೇಲೆ ಕಲ್ಲಿನಂತೆ ಬಿದ್ದವು. ಇಂದ್ರಾಣಿ ಕೈಯಲ್ಲಿದ್ದ ಕುಂಡವನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಓಡಿದಳು. ಗೋಡೆ ಹತ್ತಿ ಆಚೆ ಇಳಿಯುವಾಗ ರಸ್ತೆ ಹರಿಯತೊಡಗಿತ್ತು. ಗೇಟಿನ ಹತ್ತಿರ ಬಂದ ನೀರು ಮೂಟೆಗೆ ಬಡಿದು, ತಿರುಗಿ, ಗಲ್ಲಿಗೆ ನುಗ್ಗುತ್ತಿತ್ತು. ಅಲ್ಲಿಂದ ಜನ ಗ್ಯಾಸ್ ಸಿಲಿಂಡರ್, ಮಕ್ಕಳು, ಕೋಳಿ ಹೊತ್ತುಕೊಂಡು ಮೇಲೆ ಬರುತ್ತಿದ್ದರು. ಅವರಿಗೆ ಎದುರಾಗಿ ಇವಳು ಇಳಿದಳು.

ಮನೆಯೊಳಗೆ ನೀರು ಮಂಚದ ಮೇಲೆ ಬಂದಿತ್ತು. ಲಕ್ಷ್ಮಮ್ಮ ಕಿಟಕಿ ಸರಳು ಹಿಡಿದು ಕತ್ತು ಮೇಲೆತ್ತಿಕೊಂಡಿದ್ದಳು. ಕೂಗಿ ಕೂಗಿ ಗಂಟಲು ಹೋಗಿತ್ತು. ಇಂದ್ರಾಣಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬೆನ್ನಿಗೆ ಹಾಕಿಕೊಂಡಳು. ಮುರಿದ ಸೊಂಟ ಅಲುಗಿದಾಗ ಮುದುಕಿ ಸೊಸೆಯ ಭುಜ ಕಚ್ಚಿದಳು.

ಮೇಲೆ ಬಂದರೆ ಎಲ್ಲಿ ನೋಡಿದರೂ ನೀರು. ಎದುರು ಅಂಗಡಿಗಳು ಷಟರ್ ಎಳೆದಿದ್ದವು. ನೀರಿಗಿಂತ ಮೇಲಿದ್ದದ್ದು ಮೂಟೆಯ ಗೋಡೆ ಒಂದೇ. ಇಂದ್ರಾಣಿ ಲಕ್ಷ್ಮಮ್ಮನನ್ನು ಅದರ ಮೇಲೆ ಉದ್ದಕ್ಕೆ ಮಲಗಿಸಿ, ತಲೆಯ ಬಳಿ ಕೂತು ಸೆರಗು ಅಡ್ಡ ಹಿಡಿದಳು.

ಸ್ವಲ್ಪ ಹೊತ್ತಿಗೆ ಒಳಗೆ ಗದ್ದಲವೆದ್ದಿತು. ಕಾಲುವೆ ತುಂಬಿ ನೀರು ಹಿಂದಕ್ಕೆ ಒತ್ತಿ, ಬೇಸ್‌ಮೆಂಟಿನ ಚರಂಡಿ ಚೇಂಬರಿನಿಂದಲೇ ಉಕ್ಕತೊಡಗಿತ್ತು. ಕಾರುಗಳು ಇಳಿಜಾರಿನಲ್ಲಿ ಸಾಲಾಗಿ ಬಂದು, ಲೈಟು ಹಾಕಿಕೊಂಡು ಹಾರನ್ ಬಾರಿಸಿದವು. ಕೊನೆಯ ಕಾರುಗಳ ಚಕ್ರ ಆಗಲೇ ನೀರಿನಲ್ಲಿದ್ದವು. ಮೂಟೆ ತೆಗೆಯದೆ ಒಂದೂ ಹೊರಗೆ ಹೋಗುವಂತಿರಲಿಲ್ಲ.

"ಏಯ್, ಎತ್ತೇ ಆ ಮುದುಕೀನ," ಎಂದ ಮರುಳಸಿದ್ದಪ್ಪ.

"ಎಲ್ಲಿಗೆ?"

"ಎಲ್ಲಿಗಾದ್ರೂ ಹಾಳಾಗೋಗು. ಕಾರ್ ಮುಳುಗ್ತಾವೆ ಕಣೇ, ಮುಂಡೇದೆ."

"ನನ್ ಕೈ ಬಿದ್ದೋಗವೆ ಅಣ್ಣ. ನೀವೇ ಎತ್ತಿ."

ಮರುಳಸಿದ್ದಪ್ಪ ಒಂದು ಹೆಜ್ಜೆ ಮುಂದೆ ಬಂದ. ಲಕ್ಷ್ಮಮ್ಮನ ಸೀರೆಯಿಂದ ಮಲ ಕರಗಿ ಮೂಟೆಯ ಮೇಲೆ ಇಳಿಯುತ್ತಿತ್ತು. ಅವನು ಮೂಗಿಗೆ ಕೈ ಹಿಡಿದು ಸೆಕ್ಯೂರಿಟಿಯವನತ್ತ ನೋಡಿದ. ಸೆಕ್ಯೂರಿಟಿಯವನು ನೀರನ್ನು ನೋಡಿದ.

ಚಕ್ರಪಾಣಿ ಕೊಡೆ ಹಿಡಿದು ಬಂದರು. "ಇಂದ್ರಾಣಿ, ಹಾಲ್‌ಗೇ ಕರ್ಕೊಂಡ್ಹೋಗಮ್ಮ. ನಾನೇ ಹೇಳ್ತಿದೀನಿ."

"ನೀವ್ ಒಂದ್ ಕಡೆ ಹಿಡ್ಕಳಿ ಸಾರ್. ಹೋಗಾನ."

ಅವರ ಕೈ ಕೊಡೆಯ ಹಿಡಿ ಬಿಡಲಿಲ್ಲ. ನಾಳೆ ಪೂಜೆಗೆ ಕೂರಬೇಕಾದವನು ನಾನು ಎಂದು ಏನೋ ಅರ್ಧ ಹೇಳಿ ನಿಲ್ಲಿಸಿದರು. ಹಿಂದೆ ಹಾರನ್‌ಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಜನ ಬಾಗಿಲು ತೆಗೆದು ನೀರಿಗಿಳಿಯುತ್ತಿದ್ದರು.

ಲಕ್ಷ್ಮಮ್ಮ ಕಣ್ಣು ಕಿರಿದು ಮಾಡಿ ಲೈಟಿನತ್ತ ನೋಡಿದಳು. "ಯಾರ್ಲಾ ಅದು, ಮುಖಕ್ಕೆ ಬ್ಯಾಟ್ರಿ ಬುಡ್ತಿರೋದು?" ಎಂದು ಪಿಸುಗುಟ್ಟಿ, ಸೊಸೆಯ ಕಡೆ ತಿರುಗಿದಳು. "ಮನೆಗೋಗಾನ ನಡಿಯವ್ವ. ಚಳಿ ಆಯ್ತದೆ."

ಗಲ್ಲಿಯ ಕಡೆಯಿಂದ ಸಿಮೆಂಟ್ ಶೀಟು ಮುರಿದು ಬೀಳುವ ಸದ್ದು ಕೇಳಿಸಿತು, ಅದರ ಹಿಂದೆ ಇನ್ನೊಂದು. ಇಂದ್ರಾಣಿ ಅತ್ತ ನೋಡಲಿಲ್ಲ. ಮೂಟೆಯ ಮೇಲೆ ಕಾಲು ಚಾಚಿ, ಮುದುಕಿಯ ಪಕ್ಕ ಒತ್ತಿಕೊಂಡು, ಗೇಟಿಗೆ ಅಡ್ಡಲಾಗಿ ಮಲಗಿದಳು. ಮಳೆ ಇಬ್ಬರ ಮುಖದ ಮೇಲೂ ಬೀಳುತ್ತಲೇ ಇತ್ತು.