ಎಂಟರಿಂದ ಹದಿಮೂರಕ್ಕೆ

ತಿಥಿಗೆ ಬಂದ ನೆಂಟರೆಲ್ಲ ಹೊರಟುಹೋದ ಮಾರನೆಯ ಬೆಳಿಗ್ಗೆ, ಮಧುಶ್ರೀ ಕಣ್ಣು ಬಿಡುವ ಮೊದಲೇ ಪಕ್ಕಕ್ಕೆ ಮೊಣಕೈ ತಿವಿದಳು. ದಿಂಬಿಗೆ ತಗುಲಿತು.

ಗಂಡ ತಿಪ್ಪೇಶ ನಿದ್ದೆಯಲ್ಲಿ ಉಸಿರು ನಿಲ್ಲಿಸುವವನು. ತಿವಿದರೆ ಮತ್ತೆ ಶುರು. ಅದಕ್ಕೆಂದೇ ಅಜ್ಜಂಪುರದ ಗಿರಾಕಿ ಕರಿಯಪ್ಪನವರಿಂದ ಉಸಿರಾಟದ ಮೆಷಿನ್ ಎರವಲು ತಂದಿದ್ದ. ಕಡೂರಿನ ತೋಟಗಳಿಗೆ ಹನಿ ನೀರಾವರಿ ಪೈಪು ಹಾಕುವವನಲ್ಲವೆ, ಕೊನೇ ಗಿಡಕ್ಕೆ ನೀರು ತಲುಪದಿದ್ದರೆ ಪ್ರೆಶರ್ ಏರಿಸಬೇಕೆಂಬುದೇ ಅವನ ವೇದಾಂತ. ಕರಿಯಪ್ಪನವರಿಗೆಂದು ಇಟ್ಟಿದ್ದ ಹದಿಮೂರರ ಪ್ರೆಶರ್ ಸಾಲದೆಂದು ಹದಿನಾರಕ್ಕೆ ಏರಿಸಿದ. ಗೊರಕೆ ನಿಂತಿತು, ಉಸಿರೂ ಮೊದಲಿಗಿಂತ ಹೆಚ್ಚು ಸಲ ನಿಂತಿತು.

"ನಿಮ್ಮ ಯಜಮಾನ್ರದ್ದು ಎರಡು ಬಗೆ ಸೇರಿದ ತೊಂದರೆ. ಗಂಟಲೂ ಮುಚ್ಕೊಳ್ತದೆ, ಗಾಳಿ ಹೆಚ್ಚಾದ್ರೆ ಮಿದುಳು ಉಸಿರೆಳೆಯೋದನ್ನೇ ಮರೀತದೆ. ಇಳಿಸಿ," ಎಂದರು ಶಿವಮೊಗ್ಗದ ಡಾಕ್ಟರು. ಫಿಸಿಕ್ಸ್ ಎಂ.ಎಸ್ಸಿ. ಓದಿದ ಮಧುಶ್ರೀ ಅವರನ್ನು ಕೇಳಿಕೊಂಡೇ ಅರ್ಧರ್ಧ ಪಾಯಿಂಟ್ ಇಳಿಸುತ್ತ ಎಂಟಕ್ಕೆ ತಂದಳು. ಎಂಟಕ್ಕೆ ತಿಪ್ಪೇಶ ಮಗುವಿನಂತೆ ಮಲಗಿದ. ಮನೆಮಂದಿಯೆಲ್ಲ ಅವನ ರಾತ್ರಿಗಳನ್ನು ಕಾದರು. ಅವನು ಹೋದದ್ದು ಹಾಡಹಗಲು, ತರೀಕೆರೆ ರಸ್ತೆಯಲ್ಲಿ, ಲಾರಿಗೆ ಸಿಕ್ಕಿ.

"ಸತ್ತೋರ ಮೇಲೆ ಋಣ ಇರ್ಬಾರ್ದು ಕಣವ್ವ. ಆ ಮೆಷಿನ್ ಕೊಟ್ಬಾ," ಎಂದರು ಅತ್ತೆ ಅಂಬಮ್ಮ.

ಹೊರಡುವ ಮುನ್ನ ನಂಬರನ್ನು ಹದಿಮೂರಕ್ಕೆ ತಿರುಗಿಸಬೇಕಿತ್ತು. ಬೆರಳು ಬಟನ್ನಿನ ಮೇಲೇ ಕೂತಿತು. ಅವನದೆಂದು ಇನ್ನೂ ನಡೆಯುತ್ತಿದ್ದದ್ದು ಆ ಎಂಟು ಒಂದೇ. ಹಾಗೇ ಬ್ಯಾಗಿಗೆ ಹಾಕಿದಳು.

ಅಜ್ಜಂಪುರದ ಮನೆಯಲ್ಲಿ ಬ್ಯಾಗು ಕಂಡದ್ದೇ ಕರಿಯಪ್ಪನವರ ಮುಖ ಇಳಿಯಿತು. "ತಂದೇಬಿಟ್ಯಾ? ನಿಧಾನಕ್ಕೆ ಕೊಟ್ಟಿದ್ರೆ ಆಗ್ತಿತ್ತಲ್ಲವ್ವ."

"ಸುಮ್ನಿರಿ," ಎಂದರು ಅವರ ಹೆಂಡತಿ ಸುಲೋಚನಮ್ಮ. "ನಿಮ್ಮ ಗೊರಕೆಗೆ ಹೆದ್ರಿ ಎಮ್ಮೆ ಹಾಲು ಇಳಿಸ್ತಿಲ್ಲ. ಹಾಕ್ಕೊಂಡು ಮಲಗಿ, ನೋಡಾನ."

ಊಟವಾದ ಮೇಲೆ ಕರಿಯಪ್ಪ ಮಾಸ್ಕ್ ಕಟ್ಟಿಕೊಂಡು ಮಂಚದ ಮೇಲೆ ಉರುಳಿದರು. "ಮುಂಚೆ ಮುಖಕ್ಕೆ ಬಿರುಗಾಳಿ ಬಡ್ದಂಗಾಗ್ತಿತ್ತು. ನಿನ್ನ ಗಂಡ ಚೆನ್ನಾಗಿ ಪಳಗ್ಸಿದ್ದಾನೆ. ಹಿಂಗೇ ಇರ್ಲಿ."

"ಇರ್ಲಿ ಬಿಡಿ," ಎಂದಳು ಮಧುಶ್ರೀ, ಸ್ವಲ್ಪ ಬೇಗನೇ.

ಗೊರಕೆಗೆ ಮಾಸ್ಕು ನಡುಗಿತು. ಆಮೇಲೆ ಎಲ್ಲ ನಿಶ್ಶಬ್ದ.

"ಎಷ್ಟು ಸುಖವಾಗಿ ಮಲಗವ್ರೆ ನೋಡು," ಎಂದು ಸುಲೋಚನಮ್ಮ ಪಿಸುಗುಟ್ಟಿದರು.

ಆ ನಿಶ್ಶಬ್ದ ಮಧುಶ್ರೀಗೆ ಗೊತ್ತಿತ್ತು. ಅವಳು ಯೋಚಿಸುವ ಮೊದಲೇ ಮೊಣಕೈ ಹೋಗಿ ಮುದುಕರ ಪಕ್ಕೆಗೆ ತಿವಿಯಿತು.

ಕರಿಯಪ್ಪ ಉಸಿರೆಳೆದುಕೊಂಡು ಎದ್ದು ಕೂತು ಮಾಸ್ಕ್ ಸರಿಸಿದರು. "ಮೆಷಿನ್ ವಾಪಸ್ ಕೊಟ್ಟೆ, ಸರಿ. ಮೊಣಕೈ ಏನವ್ವ, ಬಡ್ಡಿನಾ?"

"ಇದು ಅವರ ನಂಬರು. ನಿಮಗೆ ಸಾಲಲ್ಲ."

ಅವಳು ಬಟನ್ ಒತ್ತಿದಳು. ಒಂಬತ್ತು. ಹತ್ತು. ಅಲ್ಲಿ ಒಂದು ಗಳಿಗೆ ನಿಂತಳು. ಆಮೇಲೆ ಹದಿಮೂರರವರೆಗೂ ಒತ್ತಿದಳು. ಮತ್ತೆ ಮಾಸ್ಕ್ ಕಟ್ಟಿಕೊಂಡು ಉರುಳಿದ ಕರಿಯಪ್ಪನವರ ಕೆನ್ನೆ ಪೂರಿಯಂತೆ ಉಬ್ಬಿತು. "ಬಂತು ಬಿರುಗಾಳಿ," ಎಂದು ಒಳಗಿಂದಲೇ ಗೊಣಗುತ್ತ ನಿದ್ದೆಹೋದರು. ಗೊರಕೆಯಿಲ್ಲ, ಉಸಿರು ನಿಲ್ಲುವುದೂ ಇಲ್ಲ.

ಸುಲೋಚನಮ್ಮ ಖಾಲಿ ಬ್ಯಾಗು ಮಡಿಸಿ ಕೊಟ್ಟರು. ಮಧುಶ್ರೀ ಇನ್ನೂ ಸ್ವಲ್ಪ ಹೊತ್ತು ಕೂತು ಆ ಉಸಿರನ್ನು ಕೇಳಿದಳು, ಮೊಣಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು.