ಕಾಜಾ ಹೊಲಿಯುವ ಕೈ

ಟೈಲರಮ್ಮನ ಕೈಯಿಂದ ಆಸ್ಪತ್ರೆಯಲ್ಲಿ ದಿನಾ ಬೆಳಿಗ್ಗೆ, ಬೇಕಿಲ್ಲದಿದ್ದರೂ, ರಕ್ತ ತೆಗೆದರು. ಕೈ ಅಲುಗದಂತೆ ಹಿಡಿದುಕೊಂಡವಳು ಅವಳ ಮಗಳೇ.

ಎದೆಯಲ್ಲಿ ಕಫ ಕಟ್ಟಿ, ಉಸಿರಾಡಲು ಹೆಣಗುತ್ತಾ ಅಮ್ಮ ಆಸ್ಪತ್ರೆ ಸೇರಿದಾಗ ರಕ್ತ ಪರೀಕ್ಷೆ ಬೇಕೇ ಇತ್ತು. ಸೋಂಕು ಎಷ್ಟಿದೆಯೆಂದು ತಿಳಿಯಿತು, ಔಷಧಿ ನಾಟಿತು, ಜ್ವರ ಇಳಿಯಿತು. ಸಿಸ್ಟರ್ ಕೋಟಿನ ಗುಂಡಿ ಸಡಿಲವಾಗಿದೆ ಎಂದು ತಕರಾರು ತೆಗೆಯುವಷ್ಟು ಅಮ್ಮ ಚೇತರಿಸಿಕೊಂಡಳು. ಆದರೂ ಬೆಳಕು ಹರಿದರೆ ಸಾಕು, ಸೂಜಿ ಬರುತ್ತಿತ್ತು. ಮೊದಲ ದಿನ ‘ದಿನಾ ತೆಗೆಯಿರಿ’ ಎಂದ ಡಾಕ್ಟರಿಗೆ ‘ಇನ್ನು ಸಾಕು’ ಎನ್ನಲು ನೆನಪಾಗಲಿಲ್ಲ. ಸಿಸ್ಟರ್ ಕೇಳಲಿ ಎಂದು ಡಾಕ್ಟರು, ಡಾಕ್ಟರು ನೋಡಿಕೊಳ್ಳಲಿ ಎಂದು ಸಿಸ್ಟರ್. ರಕ್ತ ಮಾತ್ರ ಅಮ್ಮನದು.

ಕೊನೆಗೊಂದು ಬೆಳಿಗ್ಗೆ ಸಿಸ್ಟರ್ ಟ್ರೇ ಹಿಡಿದು ಅಮ್ಮನ ಮಂಚ ದಾಟಿ ಹೋದರು. ಮಗಳು ಅಡ್ಡ ನಿಂತಳು.

“ಏನ್ ಸಿಸ್ಟರ್, ನಮ್ಮಮ್ಮನ್ನ ಬಿಟ್ಟು ಹೋಗ್ತಿದ್ದೀರಲ್ಲ! ಪಕ್ಕದವರಿಗೆ ತೆಗೀತೀರಿ. ನಾವೇನು ಕಣ್ಣಿಗೆ ಕಾಣಲ್ವಾ?”

“ಅಮ್ಮ ಹುಷಾರಾಗಿದ್ದಾರೆ ಕಣಮ್ಮಾ. ರಕ್ತ ನೋಡಿ ಔಷಧಿ ಬದಲಾಯಿಸೋ ಹಾಗಿದ್ರೆ ತೆಗೀಬೇಕು. ಸುಮ್‌ಸುಮ್ನೆ ಯಾಕೆ? ಡಾಕ್ಟ್ರನ್ನ ಕೇಳ್ತೀನಿ ಇರು.”

“ಟೆಸ್ಟ್ ಮಾಡಿದಷ್ಟೂ ಒಳ್ಳೇದಲ್ವಾ? ದೊಡ್ಡ ಡಾಕ್ಟ್ರಿಗೆ ದೂರು ಹೇಳ್ಲಾ?”

“ಬಿಡೇ ಸಾಕು,” ಎಂದಳು ಅಮ್ಮ. “ನಾನೇನು ಸೂಜಿ ಚುಚ್ಚಿಡೋ ದಿಂಬಾ?”

“ನೀನು ಸುಮ್ನಿರಮ್ಮ, ನಿಂಗೇನೂ ಗೊತ್ತಾಗಲ್ಲ.”

ಸಿಸ್ಟರ್ ನಿಟ್ಟುಸಿರು ಬಿಟ್ಟು ಹಿಂದಿರುಗಿದರು. “ಹಾಗಾದ್ರೆ ಕೈ ಹಿಡ್ಕೊ.” ಮಗಳು ಗೆದ್ದವಳಂತೆ ಹಿಡಿದುಕೊಂಡಳು.

ಚುಚ್ಚಿ ಚುಚ್ಚಿ ಮುಂಗೈ ಊದಿ ಕೀವು ಕಟ್ಟಿತು. ಮೊದಲೇ ರಕ್ತ ಕಡಿಮೆಯಿದ್ದ ಜೀವ ಇನ್ನಷ್ಟು ಬಿಳಿಚಿಕೊಂಡಿತು. ಮನೆಗೆ ಹೊರಡಬೇಕಾದವಳು ಕೈನೋವಿಗೆಂದು ಮತ್ತೆ ಹಾಸಿಗೆ ಹಿಡಿದಳು. ಮನೆಗೆ ಬಂದ ಮೇಲೂ ಬೆರಳು ಸರಿಯಾಗಿ ಮಡಚಲಿಲ್ಲ. ಗುಂಡಿಗೆ ಕಾಜಾ ಹೊಲಿಯುವ ಬಲಗೈ ಅದು. ಸೂಜಿ ಜಾರಿ ಬೀಳುವುದು, ಅಮ್ಮ ನೆಲ ತಡವಿ ಎತ್ತಿಕೊಳ್ಳುವುದು, ಮತ್ತೆ ಜಾರುವುದು. ಮಗಳನ್ನು ಅವಳು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಮಗಳ ಎದೆ ಹಗುರಾಗುತ್ತಿತ್ತು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಬೇಕಾದ ಪರೀಕ್ಷೆಯನ್ನು ಬೇಡ ಎನ್ನಬೇಡಿ; ಅದು ಜೀವ ಉಳಿಸುತ್ತದೆ. ಆದರೆ ಹೆಚ್ಚು ಚುಚ್ಚಿದವರೇ ಹೆಚ್ಚು ನೋಡಿಕೊಂಡವರು ಎಂದು ನಂಬಬೇಡಿ. ‘ಇದು ಯಾಕೆ? ಇದರಿಂದ ಚಿಕಿತ್ಸೆ ಬದಲಾಗುತ್ತಾ? ನಿನ್ನೆ ತೆಗೆದಿದ್ದು ಸಾಲದಾ?’ ಎಂದು ಬಾಯಿಬಿಟ್ಟು ಕೇಳಿ. ಉತ್ತರ ಕೊಡುವುದು ಅವರ ಕೆಲಸ. ಕಾರಣ ಸರಿಯೆನಿಸಿದರೆ ನಿಶ್ಚಿಂತೆಯಿಂದ ಕೈ ಚಾಚಿ. ಮಗಳು ಇದನ್ನು ಕಲಿತಳು, ಕಲಿಯುವ ಹೊತ್ತಿಗೆ ತಡವಾಗಿತ್ತು.

ಚಳಿ ಶುರುವಾದಾಗ ಅಮ್ಮನಿಗೆ ಮತ್ತೆ ಜ್ವರ, ಮತ್ತೆ ಅದೇ ವಾರ್ಡು. ಮೊದಲ ದಿನ ರಕ್ತ ಯಾಕೆ ಬೇಕೆಂದು ಡಾಕ್ಟರು ಬಿಡಿಸಿ ಹೇಳಿದರು. ಮಗಳೇ ಅಮ್ಮನ ತೋಳು ಹಿಡಿದುಕೊಟ್ಟಳು. ಜ್ವರ ಬಿಟ್ಟು ಅಮ್ಮ ಎದ್ದು ಕೂತ ಬೆಳಿಗ್ಗೆ ಹೊಸಬನೊಬ್ಬ ಟ್ರೇ ತಂದ.

“ಇವತ್ತು ಯಾಕಪ್ಪಾ?” ಎಂದಳು ಮಗಳು.

“ಎಲ್ರಿಗೂ ತೆಗೀತೀವಿ ಅಕ್ಕಾ, ದಿನಾ ಇರೋದೇ. ಅಮ್ಮನ ಕೈ ಗಟ್ಟಿಯಾಗಿ ಹಿಡ್ಕೊಳ್ಳಿ.”

ಅಮ್ಮನ ಮಡಚದ ಬೆರಳುಗಳ ಮೇಲೆ ಮಗಳು ಹೊದಿಕೆ ಎಳೆದಳು.

“ಡಾಕ್ಟ್ರು ಬಂದು ಯಾಕೆ ಅಂತ ಹೇಳಲಿ. ಅಲ್ಲಿವರೆಗೂ ನಾನು ಹಿಡಿಯಲ್ಲ.”